ಬದುವಿನ ತಂಗಡಿ, ಪೆಟ್ಟಿಗೆಯ ಜೇನು

ಪರಾಗಸ್ಪರ್ಶ ಮಾಡುವ ಕೀಟಗಳನ್ನು ಉಳಿಸುವುದೆಂದರೆ ಜೇನುಪೆಟ್ಟಿಗೆ ಹಂಚುವುದು ಎಂದು ನಮ್ಮಲ್ಲಿ ತೀರ್ಮಾನವಾಗಿಬಿಟ್ಟಿದೆ. ಪೆಟ್ಟಿಗೆಗೆ ಸಹಾಯಧನವಿದೆ, ತರಬೇತಿಯಿದೆ, ಪತ್ರಿಕೆಯಲ್ಲಿ ಫೋಟೊ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಳೆಯಾಶ್ರಿತ ಹೊಲಗಳ ಮಟ್ಟಿಗೆ ಪೆಟ್ಟಿಗೆಗೆ ಬಂದ ಈ ಹೆಸರು ಯೋಗ್ಯತೆಗೆ ಮೀರಿದ್ದು. ಇಲ್ಲಿ ಆ ಕೆಲಸ ಮಾಡುತ್ತ ಬಂದಿರುವುದು ಎಣ್ಣೆ (ಕೀಟನಾಶಕ) ಬೀಳದ, ಜೆಸಿಬಿ ಮುಟ್ಟದ ಹಳೆಯ ಬದು. ಅದರ ಮೇಲಿನ ತಂಗಡಿ, ತುಂಬೆ, ಲಕ್ಕಿ, ಎಕ್ಕ, ಕಾರೆ, ಬಾರೆ. ಅದರ ಬಗ್ಗೆ ಬರೆದವರು ತೀರಾ ಕಡಿಮೆ.

ಮೆಕ್ಕೆಜೋಳ ಈ ಸೀಮೆಯನ್ನು ಆವರಿಸಿದ್ದು, 2018ರಲ್ಲಿ ಸೈನಿಕ ಹುಳು ಬಂದ ಮೇಲೆ ಸುಳಿಗೆ ಎಣ್ಣೆ ಬಿಡುವುದು ರೂಢಿಯಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದನ್ನು ಮತ್ತೆ ಹೇಳುವುದಿಲ್ಲ. ತಂಗಡಿಯ ಒಂದು ಹೂವಿನ ಬಳಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು.

ಐದು ಹಳದಿ ಎಸಳು, ನಡುವೆ ಅಳತೆಯಲ್ಲಿ ಒಂದಕ್ಕೊಂದು ಹೊಂದದ ಕೇಸರಗಳು. ಈ ಹೂವಿನಲ್ಲಿ ಮಕರಂದವಿಲ್ಲ. ಬಂದವರಿಗೆ ಸಿಗುವುದು ಪರಾಗ ಒಂದೇ, ಅದೂ ಸುಲಭಕ್ಕೆ ಸಿಗುವುದಿಲ್ಲ. ಹೆಚ್ಚಿನ ಹೂಗಳ ಪರಾಗಕೋಶ ಉದ್ದಕ್ಕೆ ಸೀಳಿ ಪುಡಿಯನ್ನು ಹೊರಗೆ ಚೆಲ್ಲುತ್ತದೆ. ತಂಗಡಿಯದು ತುದಿಯ ಸಣ್ಣ ತೂತಿನಲ್ಲಿ ಮಾತ್ರ ಬಾಯಿ ಬಿಡುತ್ತದೆ. ಕರಿದುಂಬಿ ಬಂದು ಕೇಸರಗಳನ್ನು ತಬ್ಬಿಕೊಂಡು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಹಾರುವಾಗಿನ ಸದ್ದಿಗಿಂತ ಏರಿದ ಝೇಂಕಾರವೊಂದು ಕೇಳುತ್ತದೆ. ಆ ಅದುರಿಗೆ ಪರಾಗ ತೂತಿನಿಂದ ಚಿಮ್ಮುತ್ತದೆ. ಗಿಡ್ಡ ಕೇಸರಗಳ ಪರಾಗ ದುಂಬಿಯ ಊಟಕ್ಕೆ ಸಲ್ಲುತ್ತದೆ. ಉದ್ದ ಕೇಸರಗಳದ್ದು ಮೈಗೆ ಅಂಟಿ ಮುಂದಿನ ಹೂವಿಗೆ ಹೋಗುತ್ತದೆ. ಪೆಟ್ಟಿಗೆಯ ಜೇನು, ತುಡುವೆಯಾಗಲಿ ಮೆಲ್ಲಿಫೆರಾ ಆಗಲಿ, ಹೀಗೆ ಅದುರಿಸಲಾರದು. ಚೆಲ್ಲಿದ್ದನ್ನು ಹೆಕ್ಕಬಲ್ಲದು, ಅಷ್ಟೆ.

ಬದನೆ ಹೂವಿನ ಪರಾಗಕೋಶವೂ ತುದಿಯಲ್ಲೇ ತೂತಾಗುವಂಥದ್ದು. ಟೊಮೆಟೊದ್ದೂ ಹೆಚ್ಚುಕಡಿಮೆ ಅದೇ ಬಗೆ. ಗಾಳಿಯ ಅಲುಗಾಟಕ್ಕೆ ಒಂದಷ್ಟು ಕಾಯಿ ಕಟ್ಟೀತು. ಅದುರಿಸುವ ದುಂಬಿ ಬಂದರೆ ಹೆಚ್ಚು ಕಟ್ಟುತ್ತದೆ. ಬದನೆ ಹೂಬಿಡುವುದು ಕೆಲವೇ ತಿಂಗಳು. ಉಳಿದ ದಿನ ಆ ದುಂಬಿಗೆ ಪರಾಗ ಕೊಡುವುದು ತಂಗಡಿ. ತಂಗಡಿಯಲ್ಲಿ ಮಕರಂದವಿಲ್ಲದ್ದರಿಂದ ಅದಕ್ಕೆ ಎಕ್ಕದ ಹೂವು ಬೇಕು. ಗೂಡು ಕೊರೆಯಲು ಒಣಗಿದ ಕೊಂಬೆ ಬೇಕು. ನೀಲಿಪಟ್ಟೆಯ ಕಾಡುಜೇನಿಗಾದರೆ ಉಳದ ಮಣ್ಣು ಬೇಕು. ಅದರ ಗೂಡು ನೆಲದಲ್ಲಿ. ಇವೆಲ್ಲ ಒಂದೇ ಕಡೆ ಸಿಗುವ ಜಾಗ ನಮ್ಮ ಮಸಾರಿ ಹೊಲದಲ್ಲಿ ಬದು ಬಿಟ್ಟರೆ ಇನ್ನೊಂದಿಲ್ಲ.

ಪೆಟ್ಟಿಗೆಗೆ ಸಲ್ಲಬೇಕಾದ್ದು ಸಲ್ಲಲಿ. ಸೂರ್ಯಕಾಂತಿ ಹೊಲದ ಪಕ್ಕ ಪೆಟ್ಟಿಗೆ ಇಟ್ಟರೆ ಜೊಳ್ಳು ಕಡಿಮೆಯಾಗುತ್ತದೆ. ಆದರೆ ಸೂರ್ಯಕಾಂತಿ ಮುಗಿದ ಮೇಲೆ ಆ ಜೇನಿಗೆ ಊಟ ಎಲ್ಲಿ? 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದಾಗ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಬಹುಪಾಲು ಬರಿದಾದವು. ಒಂದೇ ಜಾತಿಯನ್ನು ನೆಚ್ಚಿದರೆ ಏನಾಗುತ್ತದೆಂದು ಆಗಲೇ ಗೊತ್ತಾಗಬೇಕಿತ್ತು. ಹೂವಿನ ತೋಟವಿದೆಯಲ್ಲ ಎನ್ನುವವರು ಹಡಗಲಿ ಮಲ್ಲಿಗೆಯನ್ನೇ ನೋಡಲಿ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹೂವು ಅದು. ಆದರೆ ಮಾರುಕಟ್ಟೆಗೆ ಹೋಗುವುದು ಮೊಗ್ಗಾಗಿ. ಅರಳುವ ಮುನ್ನವೇ ಕಿತ್ತ ಹೂವಿನಲ್ಲಿ ಯಾವ ಕೀಟಕ್ಕೂ ಊಟವಿಲ್ಲ.

ಇನ್ನು ಬಳ್ಳಾರಿ ಜಾಲಿಯ ಪರ ನಿಂತ ಪರಿಸರ ಲೇಖಕರ ಜೊತೆ ನನ್ನದೊಂದು ತಕರಾರಿದೆ. ಜಾಲಿ ಬರಗಾಲದಲ್ಲೂ ಹೂ ಬಿಡುತ್ತದೆ, ಜೇನು ಕೊಡುತ್ತದೆ, ಆದ್ದರಿಂದ ಪರದೇಶಿ ಗಿಡವೆಂದು ಹಳಿಯಬಾರದು ಎಂಬುದು ಅವರ ವಾದ. ಜೇನು ಕೊಡುವುದು ನಿಜ. ಆದರೆ ಇದು ತುಪ್ಪದ ಲೆಕ್ಕ ಮಾತ್ರ. ಜಾಲಿ ದಟ್ಟವಾದ ಕಡೆ ಅದರ ಬುಡದಲ್ಲಿ ತುಂಬೆ ಏಳುವುದಿಲ್ಲ, ತಂಗಡಿ ಉಳಿಯುವುದಿಲ್ಲ. ಚಿಟ್ಟೆಗೆ ಹೂವಿದ್ದರೆ ಸಾಲದು, ಅದರ ಮರಿಹುಳಕ್ಕೆ ಎಲೆ ಬೇಕು. ಹಳದಿ-ಬಿಳಿ ವಲಸೆ ಚಿಟ್ಟೆಗಳು ಮೊಟ್ಟೆಯಿಡುವುದು ತಂಗಡಿ, ಕಕ್ಕೆಯ ಎಲೆಗೆ. ಕಿತ್ತಳೆ ಬಣ್ಣದ ಎಕ್ಕದ ಚಿಟ್ಟೆಯ ಮರಿ ಎಕ್ಕದ ಎಲೆ ತಿಂದೇ ಬೆಳೆಯುತ್ತದೆ. ಇವನ್ನು ಬಿಟ್ಟು ಜೇನಿನ ಇಳುವರಿಯೊಂದನ್ನೇ ತೂಗುವ ವಿಮರ್ಶೆ ಅರ್ಧ ವಿಮರ್ಶೆ. ದೇಶದ ಬಂಜರು ಭೂಮಿ ಅಟ್ಲಾಸ್ ಕುರುಚಲು ನೆಲವನ್ನು ಬಂಜರಿನ ಪಟ್ಟಿಗೆ ಸೇರಿಸಿರುವುದೂ ಇದೇ ಬಗೆಯ ತಪ್ಪು. ಗುಡೇಕೋಟೆಯ ಕರಡಿಧಾಮ ನಿಂತಿರುವುದೇ ಅಂಥ ಕುರುಚಲು ಕಾಡಿನ ಮೇಲೆ.

ಎಣ್ಣೆ ನಿಲ್ಲಿಸಿದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎನ್ನುವ ಸಾವಯವ ಮಿತ್ರರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಬದು ಕೆರೆದು ಬೋಳಾದ ಹೊಲಕ್ಕೆ ಜೀವಾಮೃತ ಹಾಕಿದರೆ ದುಂಬಿ ಬರುವುದಿಲ್ಲ. ಹಾಗೆಂದು ಎಣ್ಣೆಯ ವಿಷಯ ಸಣ್ಣದಲ್ಲ. ಬೀಜಕ್ಕೆ ಲೇಪಿಸುವ ಇಮಿಡಾಕ್ಲೋಪ್ರಿಡ್ ಗಿಡದೊಳಗೆ ಹರಿದು ಪರಾಗ, ಮಕರಂದಕ್ಕೂ ಸೇರುತ್ತದೆ. ಐರೋಪ್ಯ ಒಕ್ಕೂಟ 2018ರಲ್ಲಿ ಬಯಲು ಬೆಳೆಗಳಿಗೆ ಅದನ್ನು ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಅದು ಈಗಲೂ ಸಿಗುತ್ತದೆ.

ಈ ಸೀಮೆಯ ರೈತರಲ್ಲಿ ನನ್ನ ಕೋರಿಕೆ ಇಷ್ಟು. ಬದುವಿಗೆ ಕಳೆನಾಶಕ ಹೊಡೆಯಬೇಡಿ. ಬದುವಿನ ಪಕ್ಕದ ಕೆಲವು ಸಾಲುಗಳಿಗೆ ಪಂಪು ಒಯ್ಯಬೇಡಿ. ಕಂದಕ ಬದು ತೆಗೆಸುವುದಾದರೆ ಹಳೆಯ ಬದುವಿನ ಒಂದು ಪಾಲನ್ನು ಮುಟ್ಟದೆ ಬಿಡಿಸಿ, ಒಣಗಿದ ಕೊಂಬೆ ಅಲ್ಲೇ ಇರಲಿ. ಬೋಳು ಬದುವಿದ್ದರೆ ಮುಂಗಾರಿಗೆ ತಂಗಡಿ ಹಾಕಿ. ಕುರಿ, ಮೇಕೆ ಸಾಮಾನ್ಯವಾಗಿ ಅದಕ್ಕೆ ಬಾಯಿ ಹಾಕುವುದಿಲ್ಲ, ಬೇಲಿಯ ಖರ್ಚಿಲ್ಲ. ಬೀಜದ ಸಿಪ್ಪೆ ಗಟ್ಟಿ, ಮರಳಿನಲ್ಲಿ ಉಜ್ಜಿ ಬಿತ್ತಿದರೆ ಬೇಗ ಮೊಳೆಯುತ್ತದೆ.