ಚಹಾದ ಮಂದಿ ಕಾಫಿ ತೋಟಕ್ಕೆ ಹೋದಾಗ

ಯಲವಿಗಿ, ಸವಣೂರು ಕಡೆಯವರು ಚಹಾದ ಮಂದಿ. ಕಾಫಿ ಎಂದರೆ ನಮಗೆ ಬೀಗರ ಮನೆಯಲ್ಲಿ ಸಂಕೋಚಕ್ಕೆ ಕುಡಿಯುವ ಸಿಹಿ ಹಾಲು. ಆದರೂ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ, ಮುರಿದು, ಮೂಸಿ ದರ ಕಟ್ಟುವವರಿಗೆ ಕಾಫಿಯ ಗುಣ ಹಿಡಿಯುವುದು ದೊಡ್ಡ ಮಾತಲ್ಲ. ಕಣ್ಣು, ಕೈ, ಮೂಗು ಮೊದಲು. ನಾಲಿಗೆಯ ಸರದಿ ಕೊನೆಗೆ.

ತೋಟ ನೋಡಿ ಬರಲು ಶನಿವಾರ, ಭಾನುವಾರ ಎರಡೇ ದಿನ ಸಾಕು. ಯಲವಿಗಿ ಸ್ಟೇಷನ್ ಇರುವ ಹುಬ್ಬಳ್ಳಿ–ಬೆಂಗಳೂರು ಹಳಿಯ ಮೇಲೇ ಕಡೂರು ಸಿಗುತ್ತದೆ. ಅಲ್ಲಿಂದ ಚಿಕ್ಕಮಗಳೂರಿಗೆ 2013ರಿಂದ ರೈಲಿದೆ. ಬಾಬಾಬುಡನ್ ಏಳು ಕಾಫಿ ಬೀಜ ತಂದು ನೆಟ್ಟರೆಂದು ಜನ ನಂಬುವ ಗಿರಿ ಊರಿನಿಂದಲೇ ಕಾಣುತ್ತದೆ. ಹೋಮ್‌ಸ್ಟೇಯ ಕ್ಯಾಂಪ್‌ಫೈರ್ ಗದ್ದಲಕ್ಕೆ ಹೋಗುವವರಿಗೆ ಈ ಕೈಪಿಡಿ ಬೇಡ.

ತೋಟದೊಳಗೆ ಮೊದಲು ತಲೆ ಎತ್ತಿ ನೋಡಿ. ಸಿಲ್ವರ್ ಓಕ್, ಅತ್ತಿ, ಹಲಸು, ಅವಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ನಮ್ಮ ಕಾಫಿ ನೆರಳಿನ ಬೆಳೆ. ನೆರಳು ಹೆಚ್ಚಾದರೆ ಫಸಲು ಕಡಿಮೆ, ಕಡಿಮೆಯಾದರೆ ಗಿಡ ಬಾಡುತ್ತದೆ. ಅದಕ್ಕೇ ವರ್ಷವರ್ಷ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದು. ಆಮೇಲೆ ತೋಟದವರನ್ನು ಕೇಳಿ ಒಂದು ಕೆಂಪು ಹಣ್ಣು ಕಿತ್ತು ಹಿಚುಕಿ. ತೆಳು ಸಿಪ್ಪೆಯೊಳಗಿಂದ ಲೋಳೆ ಮೆತ್ತಿದ ಎರಡು ಬೀಜ ಮುಖಕ್ಕೆ ಮುಖ ಕೊಟ್ಟು ಕುಳಿತಿರುತ್ತವೆ, ಜಾರಿ ಬೀಳುತ್ತವೆ. ಲೋಳೆ ಚೀಪಿದರೆ ಸಿಹಿ. ಕಾಫಿಯ ಸುಳಿವೇ ಇಲ್ಲ. ಒಮ್ಮೊಮ್ಮೆ ಒಂದೇ ಗುಂಡು ಬೀಜ ಸಿಗುತ್ತದೆ. ಅದು ಪೀಬೆರಿ.

ಕಣಕ್ಕೆ ಬನ್ನಿ. ಪಲ್ಪರ್‌ನಲ್ಲಿ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು ಚೆರಿ. ಚೆರಿಯನ್ನು ಮುಷ್ಟಿಯಲ್ಲಿ ಹಿಡಿದು ಅಲುಗಾಡಿಸಿ, ಒಳಗಿನ ಬೀಜ ಗಲಗಲ ಅಂದರೆ ಒಣಗಿದೆ. ತೋಟ ಒಬ್ಬೊಬ್ಬರದು, ಸಹಕಾರ ಶುರುವಾಗುವುದು ಇಲ್ಲಿಂದ ಮುಂದೆ, ಮಾರುವಲ್ಲಿ, ಒಣಗಿದ್ದರ ಹೊಟ್ಟು ಬಿಡಿಸಿ ವಿಂಗಡಿಸುವ ಕ್ಯೂರಿಂಗ್‌ನಲ್ಲಿ. ಕೊಡಗಿನ ಬೆಳೆಗಾರರ ಸಹಕಾರ ಸಂಘ ಹುಣಸೂರಿನಲ್ಲಿ ಕ್ಯೂರಿಂಗ್ ಕಾರ್ಖಾನೆ ಕಟ್ಟಿದ್ದು ಇದಕ್ಕೇ. ಲೋಟ ತಂದಿಡುವವರೂ ಸಂಘ ಕಟ್ಟಿದರು: ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ, 1957ರಲ್ಲಿ ಬೆಂಗಳೂರಿನ ನೌಕರರು ಸಹಕಾರ ಸಂಘ ಮಾಡಿಕೊಂಡು ತಾವೇ ನಡೆಸಿದರು.

ಈಗ ರುಚಿ. ಹಾಲು, ಸಕ್ಕರೆ, ಚಿಕೋರಿ ಮೂರನ್ನೂ ದೂರ ಇಡಿ. ತರಿ ಪುಡಿಗೆ ಕುದಿ ಇಳಿದ ನೀರು ಹೊಯ್ದು ನಾಲ್ಕು ನಿಮಿಷ ಬಿಡಿ. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು, ಮೂಗು ಲೋಟಕ್ಕೆ ತಾಗುವಷ್ಟು ಬಗ್ಗಿ. ಆಮೇಲೆ ಸೊರ್ರನೆ ಹೀರಿ. ಇಲ್ಲಿ ಸದ್ದು ಮಾಡುವುದೇ ಮರ್ಯಾದೆ. ಎರಡು ಜಾತಿಯ ಕಾಫಿಯಲ್ಲಿ ಅರೇಬಿಕಾ ನಾಲಿಗೆಯ ಅಂಚಿಗೆ ತಿಳಿ ಹುಳಿ ಕೊಡುತ್ತದೆ, ರೊಬಸ್ಟಾ ಕಹಿಯಾಗಿ ಬಾಯಿ ತುಂಬುತ್ತದೆ. ಎರಡನ್ನೂ ಪಕ್ಕಪಕ್ಕ ಕುಡಿಯದೆ ಯಾವುದು ಮೇಲೆಂದು ತೀರ್ಪು ಕೊಡಬೇಡಿ. ನನಗಂತೂ ಹಾಲಿಗೆ ರೊಬಸ್ಟಾ ಬೆರೆತದ್ದೇ ಸರಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾನೂನಿನ ಪ್ರಕಾರ ಕಾಫಿ ಶೇ. 51 ಇದ್ದರೆ ಸಾಕು, ಪೊಟ್ಟಣದ ಹಿಂಬದಿ ಓದಿ ಕೊಳ್ಳಿ.

ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ, ಆಗಲೇ ಹೋಗಿ. ಮಳೆಗಾಲದಲ್ಲಿ ಹೋದರೆ ಕೆಂಪು ಹಣ್ಣೂ ಇಲ್ಲ, ಕಣದಲ್ಲಿ ಬೀಜವೂ ಇಲ್ಲ, ಕಾಲಿಗೆ ಜಿಗಣೆ ಮಾತ್ರ.