ವೀರಗಲ್ಲೂ ಸ್ಮಾರಕೋದ್ಯಾನವೂ

ಬೊಮ್ಮನಹಳ್ಳಿಯನ್ನು ದಾಟಿ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಮೇಲ್ಸೇತುವೆಯ ಮೇಲೆ ದಿನಂಪ್ರತಿ ಧಾವಿಸುವ ಉದ್ಯೋಗಸ್ಥರ ಅಪಾರ ಸಮೂಹದಲ್ಲಿ, ತಮ್ಮ ಬಲಪಾರ್ಶ್ವಕ್ಕೆ ಅನತಿದೂರದಲ್ಲಿರುವ ಬೇಗೂರು ಗಂಗರಸರ ಕಾಲದಲ್ಲಿ ಬೆಂಪೂರೆಂಬ ಹೆಸರಿನಿಂದ ಒಂದು ಕಿರುನಾಡಿಗೆ ಮುಖ್ಯಸ್ಥಾನವಾಗಿದ್ದಿತೆಂಬುದನ್ನು ಬಲ್ಲವರು ವಿರಳ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ, ಕ್ರಿ.ಶ. 890ರ ಸುಮಾರಿನದೆಂದು ವಿದ್ವಾಂಸರು ಹೇಳುವ ಶಿಲಾಲೇಖವೊಂದು, ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ಸಾಮಂತನ ಪರಿವಾರದವರು ಸತ್ತ ವಾರ್ತೆಯನ್ನು ಅತ್ಯಂತ ಮಿತವಾದ ಮಾತುಗಳಲ್ಲಿ ಹೇಳಿ ನಿಂತಿದೆಯೆಂಬುದನ್ನು ಬಲ್ಲವರು ಇನ್ನೂ ವಿರಳ. ಈ ಮಹಾನಗರದ ಹೆಸರಿಗೆ ನಮಗೆ ದೊರೆತಿರುವ ಅತಿ ಪ್ರಾಚೀನವಾದ ಆಧಾರ ಒಂದು ಮರಣವಾರ್ತೆ. ಬೆಂದ ಕಾಳಿನಿಂದ ಈ ಹೆಸರು ಬಂದಿತೆಂಬ ಕಥೆಯನ್ನು ಹೇಳಿ ಅತಿಥಿಗಳನ್ನು ರಂಜಿಸುವವರಿಗೆ ಇದು ಅಷ್ಟಾಗಿ ರುಚಿಸಲಾರದು.

ನಗರದ ಮಧ್ಯಭಾಗದಲ್ಲಿ, ನೆಹರು ತಾರಾಲಯದ ಎದುರಿಗೆ, ಸಂಗೀತ ಕಾರಂಜಿಯ ಮಗ್ಗುಲಲ್ಲಿ ನಿರ್ಮಿತವಾಗಿರುವ ರಾಷ್ಟ್ರೀಯ ಸೈನಿಕ ಸ್ಮಾರಕೋದ್ಯಾನವನ್ನು ಕುರಿತು ಬರೆಯಹೊರಟವನು ಬೇಗೂರಿನಿಂದ ಆರಂಭಿಸುವುದಕ್ಕೆ ಕಾರಣವಿದೆ. ಆ ಉದ್ಯಾನದ ನಡುವೆ ಸುಮಾರು 75 ಅಡಿ ಎತ್ತರದ ಒಂದು ಏಕಶಿಲೆಯನ್ನು ನಿಲ್ಲಿಸಿ ಅದಕ್ಕೆ ವೀರಗಲ್ಲೆಂದು ಹೆಸರಿಟ್ಟಿದ್ದಾರೆ. ಹೆಸರನ್ನು ಪಡೆದ ಮೇಲೆ ಆ ಹೆಸರಿನ ಹಿಂದೆ ಇರುವ ಸಂಪ್ರದಾಯದ ಒರೆಗಲ್ಲಿಗೆ ಉಜ್ಜಿಸಿಕೊಳ್ಳಲು ಆ ಶಿಲೆಯೂ ಸಿದ್ಧವಾಗಿರತಕ್ಕದ್ದು. ಸ್ಮಾರಕಗಳೆದುರು ತಲೆಬಾಗಿ ಹಿಂದಿರುಗುವುದೇ ಶಿಷ್ಟಾಚಾರ, ಅವುಗಳನ್ನು ವಿಮರ್ಶಿಸುವುದು ಮಡಿದವರಿಗೆ ಮಾಡಿದ ಅಪಚಾರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಮಡಿದವರು ಸ್ಮಾರಕವನ್ನು ಕಟ್ಟಲಿಲ್ಲ, ಉಳಿದವರು ಕಟ್ಟಿದರು, ಮತ್ತು ಉಳಿದವರ ಕೃತಿಯು ಅನ್ಯ ಕೃತಿಗಳಂತೆಯೇ ಗುಣದೋಷಗಳ ಪರೀಕ್ಷೆಗೆ ಒಳಪಡುವಂಥದು.

ಬೇಗೂರಿನಲ್ಲಿ ದೊರೆತ ಇನ್ನೊಂದು ಕಲ್ಲು, ಆ ಸಂಪ್ರದಾಯಕ್ಕೆ ಮಿಗಿಲಾದ ನಿದರ್ಶನ, ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೀರಮಹೇಂದ್ರನೆಂಬವನೊಡನೆ ಯುದ್ಧವೊದಗಿದಾಗ, ಗಂಗರ ಎರೆಯಪ್ಪರಸನ ಆಜ್ಞೆಯಂತೆ ಅಯ್ಯಪದೇವನೆಂಬವನಿಗೆ ನೆರವಾಗಿ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ಆನೆಯೊಡನೆ ಕಾದಿ ಸತ್ತನೆಂದೂ, ಅದನ್ನು ಕೇಳಿ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಮೊದಲಾದ 12 ಊರುಗಳನ್ನು ಕಲ್ನಾಡಾಗಿ ಕೊಟ್ಟನೆಂದೂ ಅದರ ಮೇಲಣ ಶಾಸನ ಹೇಳುತ್ತದೆ. ಅಕ್ಷರದ ಜೊತೆಗೆ ಚಿತ್ರವೂ ಉಂಟು: ಆನೆ, ಕುದುರೆ, ಎತ್ತಿದ ಕತ್ತಿ, ಬಾಗಿದ ಬಿಲ್ಲು, ಕಾಲಡಿಯಲ್ಲಿ ಬಿದ್ದವರು, ಇವೆಲ್ಲವೂ ಒಂದರ ಮೈಗೊಂದು ಒತ್ತಿಕೊಂಡಿರುವ ಆ ಇಕ್ಕಟ್ಟಿನಲ್ಲಿ ರಣರಂಗದ ಉಸಿರುಗಟ್ಟುವಿಕೆಯನ್ನು ಶಿಲ್ಪಿಯು ಹಿಡಿದಿಟ್ಟಿದ್ದಾನೆ. ಸ್ವರ್ಗದ ಅಪ್ಸರೆಯರಾಗಲಿ ಕೈಲಾಸದ ಲಿಂಗಪೂಜೆಯಾಗಲಿ ಇಲ್ಲಿ ಮುಂದೆ ಬಂದು ದೃಷ್ಟಿಯನ್ನು ಸೆಳೆಯುವುದಿಲ್ಲ. ಉತ್ತರಕಾಲದ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕೊಂಡೊಯ್ಯುವ ವೀರ, ಮೇಲೆ ಶಿವಸನ್ನಿಧಿ ಎಂಬ ಮೂರು ಅಂತಸ್ತುಗಳ ಕ್ರಮ ರೂಢಿಯಾಯಿತಷ್ಟೆ. ಆ ಕ್ರಮ ಸಾಂತ್ವನಕ್ಕೆ ಒದಗಬಹುದು, ಆದರೆ ಸತ್ಯದ ದೃಷ್ಟಿಯಿಂದ ನನಗೆ ಬೇಗೂರಿನ ಶಿಲ್ಪಿಯೇ ಹೆಚ್ಚಿನವನೆಂದು ತೋರುತ್ತದೆ.

ಈ ಕಲ್ಲನ್ನು ನೋಡಬೇಕಾದರೆ ಓದಬೇಕು, ಓದಬೇಕಾದರೆ ಹತ್ತಿರ ಹೋಗಿ ನಿಲ್ಲಬೇಕು. ಯಾರು, ಎಲ್ಲಿ, ಯಾರ ಪರವಾಗಿ, ಯಾವುದರೊಡನೆ ಹೋರಾಡಿ ಸತ್ತನೆಂಬ ನಾಲ್ಕು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದೆ. ಅದಕ್ಕಿಂತ ಮುಖ್ಯವಾದುದು, ಸತ್ತವನ ನಿಮಿತ್ತವಾಗಿ ಉಳಿದವರ ಮೇಲೆ ಬಿದ್ದ ಹೊಣೆಯೂ ಅದರಲ್ಲಿ ಬರೆಯಲ್ಪಟ್ಟಿದೆ. ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂದು ನಾನಾ ಹೆಸರುಗಳಿಂದ ಕರೆಯಲ್ಪಡುತ್ತಿದ್ದ ಭೂದಾನಗಳು ಹೀಗೆ ವೀರರ ಹೆಸರಿನಲ್ಲಿ ಕೊಡಲ್ಪಟ್ಟವು. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಮುಂತಾದ ಸಂದರ್ಭಗಳಲ್ಲಿ, ಎಂದರೆ ದನಗಳನ್ನು ಬಿಡಿಸಲು, ಊರನ್ನು ಕಾಯಲು, ಹೆಂಗಸರ ಮಾನವನ್ನು ಉಳಿಸಲು ಹೋಗಿ ಸತ್ತ ಸಾಮಾನ್ಯರಿಗೂ ಕಲ್ಲು ನೆಡುತ್ತಿದ್ದರು; ಆ ಕಲ್ಲುಗಳ ಹಿಂದೆ ಅನೇಕವೇಳೆ ಒಂದಿಷ್ಟು ಗದ್ದೆಯೋ ಬೆದ್ದಲೋ ಇರುತ್ತಿದ್ದಿತು. ಕಲ್ಲು ಕೇವಲ ನೆನಪಲ್ಲ, ಊರಿನವರ ಮೇಲೆ ಹೊರಿಸಿದ ಋಣಪತ್ರ.

ಇದೇ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ಪ್ರಸಂಗವಶಾತ್ ಇಲ್ಲಿ ನೆನೆಯಬೇಕು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು ಒಡೆಯನಿಂದ ಬಹುಮಾನವಾಗಿ ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಹಂದಿಯನ್ನು ಕೊಂದು ತಾನೂ ಸತ್ತಾಗ ಅದಕ್ಕೂ ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು, ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನು ಗೊತ್ತುಮಾಡಿದರು. ಹತ್ತನೆಯ ಶತಮಾನದ ನಡುಭಾಗದ ಈ ಕಲ್ಲು ಒಂದು ನಾಯಿಯ ವಿಷಯದಲ್ಲಿ ತೋರಿಸಿರುವ ಎಚ್ಚರ, ಮನುಷ್ಯರ ಸ್ಮಾರಕಗಳಲ್ಲಿ ಇಂದು ಎಷ್ಟು ಮಟ್ಟಿಗೆ ಉಂಟೆಂದು ಕೇಳಿಕೊಂಡರೆ ಉತ್ತರಕ್ಕೆ ಸಂಕೋಚವಾಗುತ್ತದೆ.

ಹಾಗೆಂದು ಪ್ರಾಚೀನವಾದುದೆಲ್ಲ ಸಾಧುವೆಂದು ಹೇಳುವಂತಿಲ್ಲ. ತುಂಬೆಪಾಡಿಯಲ್ಲಿ ಸತ್ತವನು ನಾಗತ್ತರನೊಬ್ಬನೇ ಅಲ್ಲ. ಶಿಲ್ಪದ ತಳಭಾಗದಲ್ಲಿ ಬಿದ್ದಿರುವ ಆಳುಗಳಿಗೆ ಹೆಸರಿಲ್ಲ, ಅವರ ಮಕ್ಕಳಿಗೆ ಹನ್ನೆರಡು ಊರುಗಳಿರಲಿ, ಒಂದು ಅಂಗೈ ಅಗಲ ನೆಲ ಸಿಕ್ಕಿತೆಂಬ ಸೂಚನೆಯೂ ಇಲ್ಲ. ಸತ್ತವನೊಡನೆ ಸಹಗಮನ ಮಾಡಿದ ಹೆಂಡತಿಗೆ ಮಾಸ್ತಿಕಲ್ಲುಂಟು. ಸಹಗಮನ ಮಾಡದೆ ಬದುಕಿ ಮಕ್ಕಳನ್ನು ಸಾಕಿದವಳಿಗೆ ಏನೂ ಇಲ್ಲ. ಯುದ್ಧವು ನ್ಯಾಯವಾದುದೋ ಅನ್ಯಾಯವಾದುದೋ ಎಂಬ ಜಿಜ್ಞಾಸೆಗೆ ಈ ಕಲ್ಲುಗಳು ಕೈಹಾಕುವುದೇ ಇಲ್ಲ. ಒಡೆಯನು ಹೋಗೆಂದ, ಹೋದ, ಸತ್ತ.

ಈ ನ್ಯೂನತೆಗಳಲ್ಲಿ ಮೊದಲನೆಯದನ್ನು ತುಂಬಿಕೊಡುವ ಅಂಶವು ಆಧುನಿಕ ಸ್ಮಾರಕೋದ್ಯಾನದಲ್ಲಿದೆ, ಮತ್ತು ಅದನ್ನು ನಿಸ್ಸಂಕೋಚವಾಗಿ ಹೊಗಳಬೇಕು. ಸ್ವಾತಂತ್ರ್ಯಾನಂತರ ದೇಶಕ್ಕಾಗಿ ಮಡಿದ 20 ಸಾವಿರಕ್ಕೂ ಮಿಕ್ಕ ಯೋಧರ ಹೆಸರುಗಳನ್ನು ಅಲ್ಲಿ ಶಿಲಾಫಲಕಗಳ ಮೇಲೆ ಕೊರೆದಿದ್ದಾರೆ. ಸಿಪಾಯಿಯಾಗಲಿ ಕರ್ನಲ್ ಆಗಲಿ, ಪಾಲಿಗೆ ಬಂದದ್ದು ಒಂದೇ ಅಳತೆಯ ಒಂದು ಸಾಲು. ಪ್ರಥಮ ಮಹಾಯುದ್ಧದ ತರುವಾಯ ಯೂರೋಪಿನ ಸಮರಭೂಮಿಗಳಲ್ಲಿ ರುದ್ರಭೂಮಿಗಳನ್ನು ತೋಟಗಳಂತೆ ನಿರ್ಮಿಸಿದಾಗ, ಪದವಿಭೇದವಿಲ್ಲದೆ ಎಲ್ಲರ ತಲೆಗಲ್ಲುಗಳೂ ಏಕಪ್ರಮಾಣವಾಗಿರಬೇಕೆಂದು ಬ್ರಿಟಿಷರು ನಿಯಮ ಮಾಡಿದರು, ಅದಕ್ಕೆ ಅವರ ದೇಶದಲ್ಲಿಯೇ ಪ್ರಬಲವಾದ ವಿರೋಧವೂ ಬಂದಿತು. ನಾಗತ್ತರನ ಕಾಲದವರು ಊಹಿಸಲೂ ಆಗದಿದ್ದ ಆ ಸಮತ್ವವು ಇಂದು ನಮಗೆ ಸಹಜವೆನಿಸಿದೆ. ಇದು ಸಣ್ಣ ಲಾಭವಲ್ಲ.

ಉದ್ಯಾನವೆಂಬ ಕಲ್ಪನೆಯೂ ಉಚಿತವಾದುದೇ. ಇಲ್ಲಿ ಸ್ಮಾರಕ ಕಟ್ಟುವ ಪ್ರಸ್ತಾವ ಬಂದಾಗ ಮರಗಳ ಗತಿಯೇನೆಂದು ನಾಗರಿಕರು ತಕರಾರೆತ್ತಿದರು, ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ತಕರಾರನ್ನು ಸೈನಿಕರಿಗೆ ಅಗೌರವವೆಂದು ಬಗೆದವರು ಆಗ ಇದ್ದರು. ನನಗೇನೋ ಈ ಸ್ಥಳದಲ್ಲಿ ಒಳ್ಳೆಯದೇನಾದರೂ ಉಳಿದಿದ್ದರೆ ಅದರಲ್ಲಿ ಅರ್ಧಪಾಲು ಆ ತಕರಾರುಗಾರರದೆಂದು ಅನ್ನಿಸುತ್ತದೆ. ಮರದ ನೆರಳಿನಲ್ಲಿ ಹೆಸರನ್ನು ಓದುವವನಿಗೆ ಅವಸರವಿರುವುದಿಲ್ಲ, ಬಿಸಿಲಿನಲ್ಲಿ ಓದುವವನು ಎರಡನೆಯ ಫಲಕಕ್ಕೆ ಕಣ್ಣು ಕಿರಿದುಮಾಡಿ ಮುಂದೆ ಸಾಗುತ್ತಾನೆ.

ಆದರೆ ಆ 75 ಅಡಿಯ ಶಿಲೆ! ಅದರ ಎದುರು ನಿಂತವನು ಕೊರಳನ್ನು ಹಿಂದಕ್ಕೆ ಚಾಚಿ ಆಕಾಶವನ್ನು ನೋಡುತ್ತಾನೆ, ಎತ್ತರವನ್ನು ವಿಚಾರಿಸುತ್ತಾನೆ, ಇಷ್ಟು ದೊಡ್ಡ ಕಲ್ಲನ್ನು ಯಾವ ಯಂತ್ರದಿಂದ ಎತ್ತಿದರೋ ಎಂದು ಆಶ್ಚರ್ಯಪಡುತ್ತಾನೆ, ಕೈಯಲ್ಲಿರುವ ಮೊಬೈಲಿನ ಚೌಕಟ್ಟಿಗೆ ಅದು ಹಿಡಿಯುವುದಿಲ್ಲವೆಂದು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾನೆ. ವೀರಗಲ್ಲು ಮನುಷ್ಯನನ್ನು ಹತ್ತಿರಕ್ಕೆ ಕರೆಯುವ ವಸ್ತು. ಇದು ಹಿಂದಕ್ಕೆ ಸರಿಸುತ್ತದೆ. ವೀರಗಲ್ಲು ಬಹುಮಟ್ಟಿಗೆ ಆಳೆತ್ತರವನ್ನು ಮೀರದೆ ಇದ್ದುದು ಕಲ್ಲಿನ ಅಭಾವದಿಂದಲ್ಲ. ಗಂಗರ ಕಾಲದಲ್ಲಿಯೇ ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ಈ ನಾಡಿನ ಕಲ್ಲುಕುಟಿಗರಿಗೆ ಎತ್ತರವು ಒಂದು ಸಮಸ್ಯೆಯಾಗಿರಲಿಲ್ಲ. ಜಿನನಿಗೆ ಔನ್ನತ್ಯ, ಸತ್ತ ಸೈನಿಕನಿಗೆ ಸಾಮೀಪ್ಯ, ಎಂಬ ವಿವೇಕ ಅವರಲ್ಲಿದ್ದಿತು. ನಾವು ಆ ವಿವೇಕವನ್ನು ಬಿಟ್ಟು ವೀರಗಲ್ಲಿನ ಹೆಸರನ್ನು ಜಯಸ್ತಂಭಕ್ಕೆ ತೊಡಿಸಿದ್ದೇವೆ. ಎತ್ತರವೇ ಗೌರವದ ಮಾನದಂಡವೆಂಬ ಈ ನಂಬಿಕೆ ಗಗನಚುಂಬಿ ಕಚೇರಿಗಳ ಊರಿಗೆ ಒಪ್ಪುವಂಥದಿರಬಹುದು. ಮಡಿದವರ ಸನ್ನಿಧಿಯಲ್ಲಿ ಅದು ಬೇರೊಂದು ದನಿಯಲ್ಲಿ ಮಾತನಾಡುತ್ತದೆ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ವಿಯೆಟ್ನಾಂ ಯುದ್ಧದ ಸ್ಮಾರಕವನ್ನು ರಚಿಸಿದ ಮಾಯಾ ಲಿನ್, ಅದರ ವಿನ್ಯಾಸ ಆಯ್ಕೆಯಾದಾಗ ಇನ್ನೂ ವಿದ್ಯಾರ್ಥಿನಿ, ನೆಲದಿಂದ ಮೇಲಕ್ಕೆ ಏರದೆ ನೆಲದೊಳಕ್ಕೆ ಇಳಿದು 58 ಸಾವಿರದಷ್ಟು ಹೆಸರುಗಳನ್ನು ಮರಣಕಾಲದ ಕ್ರಮದಲ್ಲಿ ಕರಿಯ ಕಲ್ಲಿನ ಗೋಡೆಗೆ ಕೊರೆಯಿಸಿದಳು. ಹೆಸರನ್ನು ಹುಡುಕುವವನ ಮುಖವೇ ಆ ನುಣುಪಿನಲ್ಲಿ ಹೆಸರುಗಳ ನಡುವೆ ಕಾಣಿಸಿಕೊಳ್ಳುತ್ತದೆ. ವೀರಗಲ್ಲಿನ ಹೆಸರನ್ನೂ ಬಹುಶಃ ಕೇಳಿರದ ಆಕೆಯ ಕೃತಿ ವೀರಗಲ್ಲಿನ ಧರ್ಮಕ್ಕೆ ನಮ್ಮ ಏಕಶಿಲೆಗಿಂತ ಹತ್ತಿರವಾಗಿದೆ.

ನೆರೆಯ ಸಂಗೀತ ಕಾರಂಜಿಯನ್ನು ಕುರಿತು ಹೆಚ್ಚು ಹೇಳುವುದು ಬೇಡ. ಶೋಕಕ್ಕೂ ವಿಹಾರಕ್ಕೂ ನಡುವೆ ಗೋಡೆಯಿರಬೇಕೆಂದು ನಾನು ವಾದಿಸಲಾರೆ. ನಮ್ಮ ಹಳ್ಳಿಗಳಲ್ಲಿ ವೀರಗಲ್ಲಿನ ಮಗ್ಗುಲಲ್ಲಿಯೇ ಮಕ್ಕಳು ಆಡುತ್ತಾರೆ, ಎಮ್ಮೆಗಳು ಮೈಯುಜ್ಜಿಕೊಳ್ಳುತ್ತವೆ.

ಹೊರವಲಯದ ಕಡೆಗೆ ಮತ್ತೆ ತಿರುಗಿದರೆ, ಉದ್ಯಾನದ ವೈಭವಕ್ಕೂ ನಿಜವಾದ ವೀರಗಲ್ಲುಗಳ ದುಃಸ್ಥಿತಿಗೂ ಇರುವ ಅಂತರ ಕಣ್ಣಿಗೆ ಚುಚ್ಚುತ್ತದೆ. ಕೆರೆಯಂಗಳಗಳು ಬಡಾವಣೆಗಳಾಗಿ, ಗೋಮಾಳಗಳು ಟೆಕ್ ಪಾರ್ಕುಗಳಾಗಿ ಮಾರ್ಪಟ್ಟ ಈ ಪ್ರದೇಶದಲ್ಲಿ ಎಷ್ಟೋ ಕಲ್ಲುಗಳು ಕಾಂಪೌಂಡಿನ ಅಡಿಪಾಯಕ್ಕೂ ಚರಂಡಿಯ ಹಾಸಿಗೂ ಸಂದವು, ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು ಕೈಯಲ್ಲಿ ಹಿಡಿದು ಹುಡುಕಿದವರಿಗೆ ಅನೇಕ ಕಡೆ ಪಾಠ ಮಾತ್ರ ದೊರೆತು ಕಲ್ಲು ದೊರೆಯಲಿಲ್ಲ. ಹೆಬ್ಬಾಳದಲ್ಲಿ, ಹೊರವರ್ತುಲ ರಸ್ತೆಯ ವಾಹನಘೋಷಕ್ಕೆ ಅನತಿದೂರದಲ್ಲಿ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಶಾಸನಾಸಕ್ತರ ಕಣ್ಣಿಗೆ ಬಿದ್ದು ವಿನಾಶದಿಂದ ಪಾರಾಯಿತು. ಗಂಗರ ಶ್ರೀಪುರುಷನ ಕಾಲದಲ್ಲಿ ರಟ್ಟರ ಕಡೆಯವರೊಡನೆ ಹೋರಾಡಿ ಸತ್ತವನು ಆ ಕಿತ್ತಯ್ಯ. ತರುವಾಯ ಸಾರ್ವಜನಿಕರ ನೆರವಿನಿಂದ ಅದಕ್ಕೊಂದು ಮಂಟಪವಾಯಿತು. ಮನುಷ್ಯಪ್ರಮಾಣದ ಕಲ್ಲು, ಮನುಷ್ಯಪ್ರಮಾಣದ ಮಂಟಪ, ಊರಿನ ನಡುವೆ. ಕೋಟಿಗಳ ಉದ್ಯಾನಕ್ಕಿಂತ ಈ ಕಿರುಮಂಟಪವು ಸ್ಮಾರಕಧರ್ಮವನ್ನು ಚೆನ್ನಾಗಿ ಅರಿತಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಈ ಪ್ರದೇಶದಿಂದ ಸೈನ್ಯಕ್ಕೆ ಹೋಗುವವರು ಈಗಲೂ ಇದ್ದಾರೆ, ಹೋಗಿ ಹಿಂದಿರುಗದವರೂ ಇದ್ದಾರೆ. 2023ರ ನವೆಂಬರ್ ತಿಂಗಳಿನಲ್ಲಿ ಜಮ್ಮುವಿನ ರಜೌರಿಯಲ್ಲಿ ಉಗ್ರರೊಡನೆ ಹೋರಾಡುತ್ತ ಮಡಿದ ಕ್ಯಾಪ್ಟನ್ ಎಂ. ವಿ. ಪ್ರಾಂಜಲ್ ಅವರ ಮನೆ ಆನೇಕಲ್ ತಾಲ್ಲೂಕಿನ ಜಿಗಣಿಯ ಕಡೆಯದು. ಅಂತಿಮಯಾತ್ರೆಯ ದಾರಿಯುದ್ದಕ್ಕೂ ಜನ ರಸ್ತೆಯ ಬದಿಗಳಲ್ಲಿ ನಿಂತಿದ್ದರು. ಬೇಗೂರಿಗೂ ಜಿಗಣಿಗೂ ದೂರ ಹೆಚ್ಚಿಲ್ಲ. ಸಾವಿರದ ನೂರಕ್ಕೂ ಮಿಕ್ಕ ವರ್ಷಗಳ ಅಂತರದಲ್ಲಿ ಒಂದೇ ಸೀಮೆಯ ಇಬ್ಬರು ಯೋಧರು ತಮ್ಮ ಊರಿನಿಂದ ದೂರ ಹೋಗಿ ಮಡಿದರು. ಮೊದಲನೆಯವನ ಮರಣವು ಹನ್ನೆರಡು ಊರುಗಳ ಹೆಸರಿನೊಡನೆ ಕಲ್ಲಿನಲ್ಲಿ ಹೆಣೆದುಕೊಂಡಿದೆ.

ಆದರೆ ಎರಡನೆಯವರ ಕಾಲದ ಸೈನಿಕ ಸ್ಮಾರಕಗಳ ಪದ್ಧತಿಯಲ್ಲಿ ಹೆಸರಿನ ಜೊತೆಗೆ ಹುದ್ದೆ ಬರುತ್ತದೆ, ದಳ ಬರುತ್ತದೆ, ಊರು ಬರುವುದು ಅಪರೂಪ. ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ಉದ್ಘಾಟಿತವಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗಚಕ್ರದಲ್ಲಿಯೂ, 25 ಸಾವಿರಕ್ಕೂ ಹೆಚ್ಚು ಹೆಸರುಗಳ ಆ ವರ್ತುಲಾಕಾರದ ಗೋಡೆಗಳಲ್ಲಿ, ಸೈನಿಕನು ಸೈನ್ಯಕ್ಕೆ ಸೇರಿದವನಾಗಿಯೇ ಉಳಿಯುತ್ತಾನೆ. ಸೈನ್ಯದ ದೃಷ್ಟಿಯಿಂದ ಅದು ಸಲ್ಲುವ ಕ್ರಮವೇ ಆಗಿರಬಹುದು. ಆದರೆ ಸ್ಮಾರಕೋದ್ಯಾನಕ್ಕೆ ಬರುವವರು ನಾಗರಿಕರು. ಪೀಣ್ಯದ ಕಾರ್ಖಾನೆಯಿಂದ ವಾರದ ರಜೆಯ ದಿನ ಸಂಸಾರಸಮೇತನಾಗಿ ಬಂದ ಕೆಲಸಗಾರನಿಗೆ, ಹುಟ್ಟೂರು ಬಿಜಾಪುರದ ಕಡೆಯದಿರಲಿ ಬಿಹಾರದ ಕಡೆಯದಿರಲಿ, ಹತ್ತಾರು ಸಾವಿರ ಹೆಸರುಗಳ ನಡುವೆ ಕಾಲು ನಿಲ್ಲುವುದು ಎಲ್ಲಿ? ಹೆಸರಿನ ಪಕ್ಕದಲ್ಲಿ ತನ್ನ ತಾಲ್ಲೂಕಿನದೋ ತನ್ನ ಜಿಲ್ಲೆಯದೋ ಹೆಸರು ಕಂಡರೆ ಅವನು ನಿಂತಾನು, ಮಕ್ಕಳನ್ನು ಕರೆದು ತೋರಿಸಿಯಾನು, ಊರಿಗೆ ಹೋದಾಗ ಆ ಮನೆಯವರನ್ನು ವಿಚಾರಿಸಿಯೂ ವಿಚಾರಿಸಿಯಾನು. ಇದಕ್ಕೆ ಹೊಸ ಏಕಶಿಲೆಯಾಗಲಿ, ಕ್ರೇನಾಗಲಿ ಬೇಕಾಗಿಲ್ಲ. ಪ್ರತಿಯೊಂದು ಸಾಲಿಗೂ ಇನ್ನೊಂದು ಗೇಣು ಕಲ್ಲು, ಮತ್ತು ದಾಖಲೆಗಳನ್ನು ತಾಳ್ಮೆಯಿಂದ ತೆರೆದು ನೋಡುವ ಒಬ್ಬಿಬ್ಬರು ಗುಮಾಸ್ತರು ಸಾಕು.