ಸರೋಜಿನಿ ನಗರದಲ್ಲಿ ಕೂತು ಉಣ್ಣುವುದು

ದೆಹಲಿಯ ಹೋಟೆಲುಗಳ ಬಗ್ಗೆ ಬರೆಯುವವರಿಗೆ ಬರವಿಲ್ಲ. ಪತ್ರಿಕೆಯ ಭಾನುವಾರದ ಪುರವಣಿ ತೆಗೆದರೆ ಕಬಾಬು, ಕುಲ್ಚಾ, ನಿಹಾರಿ. ಮೊಬೈಲು ತೆಗೆದರೆ ನಕ್ಷತ್ರಗಳ ಲೆಕ್ಕ. ಎಲ್ಲ ಕಡೆಯೂ ದರ ಬರೆಯುವ ಕ್ರಮ ಮಾತ್ರ ಒಂದೇ: ‘ಇಬ್ಬರಿಗೆ ಇಷ್ಟು ರೂಪಾಯಿ’. ಈ ಇಬ್ಬರು ಯಾರು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ನಮ್ಮ ಮನೆಯಿಂದ ಹೊರಗೆ ಊಟಕ್ಕೆ ಯಾವತ್ತೂ ಇಬ್ಬರೇ ಹೊರಟದ್ದಿಲ್ಲ. ನಾನು, ನಮ್ಮ ಮನೆಯವರು, ಎರಡು ಮಕ್ಕಳು, ಮಂಡ್ಯದ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗಿರುವ ಅತ್ತೆ, ಜೊತೆಗೆ ಊರಿಂದ ಬಂದ ನೆಂಟರು ಯಾರಾದರೊಬ್ಬರು. ಒಟ್ಟು ಆರು ಜನ. ಪುರವಣಿಯವರ ದರವನ್ನು ಮೂರರಿಂದ ಗುಣಿಸಿದರೆ ಬಿಲ್ಲು ಎಷ್ಟಾಗುತ್ತದೆ ಅಂತ ಗೊತ್ತಾಗಬಹುದು. ಆರು ಜನ ಎಲ್ಲಿ ಕೂರುತ್ತಾರೆ ಅನ್ನುವುದು ಗೊತ್ತಾಗುವುದಿಲ್ಲ. ಇಲ್ಲಿನ ಹೋಟೆಲಿನ ಮೇಜು ನಾಲ್ವರದು. ಐದನೆಯವರಿಗೆ ಪ್ಲಾಸ್ಟಿಕ್ ಕುರ್ಚಿ ತಂದು ಓಡಾಡುವ ದಾರಿಯಲ್ಲಿ ಹಾಕುತ್ತಾರೆ. ಆರನೆಯವರು ಮಗುವಾಗಿದ್ದರೆ ತೊಡೆ ಮೇಲೆ.

ಸರೋಜಿನಿ ನಗರವನ್ನು ನೋಡದವರಿಗೆ ಎರಡು ಮಾತು. ಇದು ಕೇಂದ್ರ ಸರಕಾರದ ನೌಕರರಿಗೆ ಅಂತ ಕಟ್ಟಿದ ಕಾಲೊನಿ. ಮೊದಲು ವಿನಯ ನಗರ ಅಂತಿತ್ತು, ಆಮೇಲೆ ಸರೋಜಿನಿ ನಾಯ್ಡು ಹೆಸರು ಬಂತು. ಈಗ ದೇಶಕ್ಕೆಲ್ಲ ಗೊತ್ತಿರುವುದು ಕಾಲೊನಿಯಲ್ಲ, ಅದರ ಮಾರ್ಕೆಟ್ಟು. ವಿದೇಶಕ್ಕೆ ಹೋಗಬೇಕಾಗಿದ್ದು ಉಳಿದ, ಗುಂಡಿಯೋ ಹೊಲಿಗೆಯೋ ಸರಿಯಿಲ್ಲದೆ ವಾಪಸಾದ ಬಟ್ಟೆಗಳ ರಾಶಿ ರಾಶಿ. ಊರಿಂದ ಬರುವ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಕುತುಬ್ ಮಿನಾರ್ ಬಿಟ್ಟುಹೋದರೂ ಸರೋಜಿನಿ ಬಿಡುವುದಿಲ್ಲ. ಬರುವವರಿಗೆ ನಾನು ಹೇಳುವುದು ಇಷ್ಟೆ: ಸೋಮವಾರ ರಜಾ, ಚೌಕಾಸಿಯನ್ನು ಅರ್ಧದಿಂದ ಶುರು ಮಾಡಿ. ಮೂರನೆಯ ಪ್ರಶ್ನೆಗೇ ನನಗೆ ಕಷ್ಟ. “ಅಲ್ಲಿ ಊಟಕ್ಕೆ ಏನ್ ಮಾಡೋದು?”

ತಿನ್ನಲು ಏನೂ ಇಲ್ಲ ಅಂತ ಅಲ್ಲ. ಆಲೂ ಟಿಕ್ಕಿ, ಗೋಲ್‌ಗಪ್ಪಾ, ಛೋಲೆ ಕುಲ್ಚಾ, ಮೋಮೊ, ಚಳಿಗಾಲದಲ್ಲಿ ಸುಟ್ಟ ಗೆಣಸಿಗೆ ನಿಂಬೆಹಣ್ಣು ಹಿಂಡಿ ಕೊಡುವ ಶಕರ್‌ಕಂದಿ. ರುಚಿಯ ಬಗ್ಗೆ ನನಗೆ ತಕರಾರಿಲ್ಲ. ಎಲ್ಲವೂ ನಿಂತು ತಿನ್ನುವಂಥದ್ದು ಅನ್ನುವುದೇ ತಕರಾರು. ಒಂದು ಕೈಯಲ್ಲಿ ದೊನ್ನೆ, ಇನ್ನೊಂದು ಕೈಯಲ್ಲಿ ಮಗು, ಮೊಣಕೈಗೆ ಮೂರು ಚೀಲ. ಇಪ್ಪತ್ತು ವರ್ಷದ ಕಾಲೇಜು ಹುಡುಗಿಗೆ ಇದು ಖುಷಿ. ಮೊಣಕಾಲು ನೋವಿನ ಎಪ್ಪತ್ತರ ಹೆಂಗಸಿಗೆ?

ಬಾಂಬಿನ ಕತೆಯೂ ಸೇರಿಕೊಂಡಿದೆ. 2005ರ ಅಕ್ಟೋಬರ್ 29ರ ಸಂಜೆ, ದೀಪಾವಳಿಗೆ ಇನ್ನು ಮೂರು ದಿನ ಇದೆ ಅನ್ನುವಾಗ, ಪಹಾಡ್‌ಗಂಜ್, ಗೋವಿಂದಪುರಿ ಮತ್ತು ಈ ಮಾರ್ಕೆಟ್ಟಿನಲ್ಲಿ ಸ್ಫೋಟವಾಗಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅತಿ ಹೆಚ್ಚು ಸಾವು ಆದದ್ದು ಇಲ್ಲೇ. ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ ಅನ್ನುವ ಮಾತು ಅಂದಿನಿಂದ ದೆಹಲಿಯವರ ಕಿವಿಗೆ ಅಂಟಿಕೊಂಡಿದೆ. ಚೀಲ ಒಂದು ಕಡೆ ಇಟ್ಟು ತಿಂಡಿ ತರಲು ಹೋಗುವ ಹಾಗಿಲ್ಲ, ಯಾರಾದರೂ ಕಾಯಬೇಕು. ಆ ಯಾರಾದರೂ ಅಂದರೆ ನಮ್ಮಲ್ಲಿ ಅತ್ತೆಯೇ. ಮುಚ್ಚಿದ ಅಂಗಡಿಯ ಮೆಟ್ಟಿಲು ನೋಡಿ ಕೂತುಬಿಡುತ್ತಾರೆ. “ನಂಗೇನೂ ಬ್ಯಾಡ ಕಣವ್ವ. ನೀವು ತಿನ್ಕೊಂಡ್ ಬನ್ನಿ, ನಾನು ಚೀಲ ನೋಡ್ಕೊಂಡಿರ್ತೀನಿ.” ಅವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು. ಮಾರ್ಕೆಟ್ಟಿಗೆ ಹೋಗುವ ದಿನ ಅವರು ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. “ಅಲ್ಲೆಲ್ಲಿ ಹೋಗೋದವ್ವ?” ಅಂತ ಒಂದೇ ಮಾತು. ಮೇ ತಿಂಗಳ ದೆಹಲಿಯಲ್ಲಿ ಹೀಗೆ ಎರಡು ಸಲ ಆದ ಮೇಲೆ ಉರಿಮೂತ್ರ ಬಂತು, ಡಾಕ್ಟರು ನನ್ನನ್ನು ಬೈದರು.

ಹೋಟೆಲನ್ನು ನಾನು ಅಳೆಯುವ ಕೋಲು ಅಲ್ಲಿಂದ ಬದಲಾಯಿತು. ರುಚಿಗೆ ಅಂಕ ಕೊಡುವವರು ಬೇಕಾದಷ್ಟಿದ್ದಾರೆ. ನಾನು ನೋಡುವುದು ಮೆಟ್ಟಿಲು ಎಷ್ಟಿದೆ, ಕೈ ತೊಳೆಯುವ ಜಾಗ ಎಲ್ಲಿದೆ, ಬಚ್ಚಲ ಬಾಗಿಲಿಗೆ ಚಿಲಕ ಇದೆಯಾ, ಖಾರವಿಲ್ಲದ್ದು ಏನಾದರೂ ಕೇಳಿದರೆ ಮುಖ ಸಿಂಡರಿಸುತ್ತಾರಾ ಅಂತ. 2017ರ ಏಪ್ರಿಲ್‌ನಿಂದ ದಕ್ಷಿಣ ದೆಹಲಿಯ ಆಗಿನ ಮಹಾನಗರ ಪಾಲಿಕೆ ಒಂದು ನಿಯಮ ತಂದಿತ್ತು: ಹೋಟೆಲಿನ ಶೌಚಾಲಯವನ್ನು ಗಿರಾಕಿಯಲ್ಲದವರಿಗೂ ಬಿಡಬೇಕು, ಬೇಕಾದರೆ ಐದು ರೂಪಾಯಿವರೆಗೆ ತೆಗೆದುಕೊಳ್ಳಲಿ ಅಂತ. ಒಳ್ಳೆಯ ಯೋಚನೆ. ಆ ಪಾಲಿಕೆ 2022ರಲ್ಲಿ ಬೇರೆ ಎರಡರ ಜೊತೆ ವಿಲೀನವಾಯಿತು. ಸರೋಜಿನಿ ನಗರವಾದರೋ ನವದೆಹಲಿ ಪುರಸಭೆಯದು, ಆ ಮಾತು ಹಾಗಿರಲಿ. ತಳ್ಳುಗಾಡಿಯ ಮುಂದೆ ನಿಂತು ತಿನ್ನುವ ಊರಿನಲ್ಲಿ ಹೋಟೆಲಿನ ಶೌಚಾಲಯ ತೆರೆಯಿರಿ ಅಂದರೆ ಯಾವುದನ್ನು ತೆರೆಯಬೇಕು?

‘ಫ್ಯಾಮಿಲಿ ರೆಸ್ಟೋರೆಂಟ್’ ಅಂತ ಬೋರ್ಡು ಹಾಕಿದವರೂ ಇದ್ದಾರೆ. ಈ ಪದದ ಮೇಲೆ ನನಗೆ ನಂಬಿಕೆ ಕಡಿಮೆ. ನಮ್ಮ ಊರುಗಳ ‘ಫ್ಯಾಮಿಲಿ ರೂಮು’ ನಿಮಗೆ ನೆನಪಿರಬಹುದು. ಎಣ್ಣೆ ಕೈ ಒರೆಸಿ ಒರೆಸಿ ಬಿರುಸಾದ ಪರದೆ, ಒಳಗೆ ತಿರುಗದ ಫ್ಯಾನು. ಹೆಂಗಸರು ಗಂಡಸರ ಕಣ್ಣಿಗೆ ಬೀಳದೆ ದೋಸೆ ತಿನ್ನಲಿ ಅಂತ ಮಾಡಿದ್ದು. ಉಸಿರು ಕಟ್ಟುತ್ತಿತ್ತು ನಿಜ, ಆದರೆ ಬಸ್ಸಿಳಿದ ಬಾಣಂತಿ ಮಗುವಿಗೆ ಹಾಲು ಕುಡಿಸಲು ಅಲ್ಲಿ ಜಾಗ ಸಿಗುತ್ತಿತ್ತು. ಬೆಂಗಳೂರಿನಲ್ಲಿ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ನಿಂತು ತಿನ್ನುವ ಪದ್ಧತಿ ಹಬ್ಬಿದ ಮೇಲೆ ಆ ರೂಮೂ ಹೋಯಿತು, ಕುರ್ಚಿಯೂ ಹೋಯಿತು. ದೆಹಲಿಯನ್ನು ಬೈಯುವಾಗ ನಮ್ಮವರು ಇದನ್ನು ಮರೆಯಬಾರದು. ದೆಹಲಿಯ ‘ಫ್ಯಾಮಿಲಿ’ಗೆ ಅರ್ಥ ಬೇರೆ: ಇಲ್ಲಿ ಕುಡಿದವರು ಇರುವುದಿಲ್ಲ, ಏಸಿ ಇದೆ, ಅದಕ್ಕೆ ತಕ್ಕ ದುಡ್ಡು ಕೊಡಿ. ಅಂಥ ಒಂದು ಕಡೆ (ಹೆಸರು ಬೇಡ) ಅತ್ತೆ ಮಗುವಿಗೆ ಅನ್ನ ಕಲಸಿ ಕೈಯಲ್ಲಿ ತಿನ್ನಿಸುತ್ತಿದ್ದಾಗ ಮಾಣಿ ಬಂದು “ಮಾತಾಜಿ, ಚಮ್ಮಚ್” ಅಂತ ಎರಡು ಸಲ ಚಮಚ ಇಟ್ಟುಹೋದ. ಮರ್ಯಾದೆಯಾಗಿಯೇ ಇಟ್ಟ. ಅತ್ತೆ ಕೈ ತೊಳೆದುಬಿಟ್ಟರು.

ಈ ವಿಷಯದಲ್ಲಿ ದೆಹಲಿಗೆ ದೊಡ್ಡ ಉಪಕಾರ ಮಾಡಿದವರು ನಮ್ಮ ಕರಾವಳಿಯವರೇ. ಕಾರ್ಕಳದ ಜಯರಾಮ ಬನಾನ್ 1986ರಲ್ಲಿ ಡಿಫೆನ್ಸ್ ಕಾಲೊನಿಯಲ್ಲಿ ‘ಸಾಗರ್’ ತೆರೆದರು, ಮುಂದೆ ಅದು ‘ಸಾಗರ್ ರತ್ನ’ ಆಗಿ ಉತ್ತರ ಭಾರತವೆಲ್ಲ ಹಬ್ಬಿತು. ನಮ್ಮಲ್ಲಿ ಅವಸರದ ಬೆಳಗಿನ ತಿಂಡಿಯಾದ ದೋಸೆ ಇಲ್ಲಿ ಪಂಜಾಬಿ ಕುಟುಂಬಗಳ ಭಾನುವಾರದ ರಾತ್ರಿ ಊಟವಾಯಿತು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ತಿನ್ನಬಹುದಾದ, ಮದ್ಯವಿಲ್ಲದ, ಕೂತು ತಿನ್ನುವ ಜಾಗ. ಕೈಯಲ್ಲಿ ತಿಂದರೆ ಯಾರೂ ಚಮಚ ತರುವುದಿಲ್ಲ. ಆದರೆ ಇದರ ಜೊತೆಗೇ ಸಂಸಾರಸ್ಥರ ಹೋಟೆಲು ಅಂದರೆ ಶುದ್ಧ ಶಾಕಾಹಾರಿ ಅನ್ನುವ ಲೆಕ್ಕವೂ ಗಟ್ಟಿಯಾಯಿತು ಅಂತ ನನಗೆ ಅನ್ನಿಸುತ್ತದೆ. ನಾವು ಮುದ್ದೆ, ಕೋಳಿಸಾರು ತಿನ್ನುವವರು. ನಮ್ಮದೂ ಸಂಸಾರವೇ.

ಹಾಗಾಗಿ ನನ್ನ ಮತ ಅಶೋಕ ರಸ್ತೆಯ ಆಂಧ್ರ ಭವನದ ಕ್ಯಾಂಟೀನಿಗೆ. ಅದಕ್ಕೆ ಫ್ಯಾಮಿಲಿ ಅಂತ ಬೋರ್ಡಿಲ್ಲ. ಮೊದಲೇ ಚೀಟಿ ಕೊಂಡು ಸರದಿ ಕಾಯಬೇಕು, ರಜಾ ದಿನ ಜಾತ್ರೆ, ಪಕ್ಕದಲ್ಲಿ ಗುರುತಿಲ್ಲದವರು ಬಂದು ಕೂರುತ್ತಾರೆ. ಆದರೆ ಅನ್ನ, ಪಪ್ಪು, ರಸಂ ಕೇಳಿದಷ್ಟು ಬಡಿಸುತ್ತಾರೆ. ಬೇಕಾದವರು ಮಟನ್ ಬೇರೆಯಾಗಿ ತರಿಸಿಕೊಳ್ಳುತ್ತಾರೆ, ಬೇಡದವರು ಅದೇ ಮೇಜಿನಲ್ಲಿ ಮೊಸರನ್ನ ಉಣ್ಣುತ್ತಾರೆ. ಅತ್ತೆ ಅಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡರು. ಬಡಿಸುವವನಿಗೆ ಕನ್ನಡದಲ್ಲೇ “ಸಾಕಪ್ಪ” ಅಂದರು, ಅವನು ನಿಲ್ಲಿಸಿದ.

ಮಾರ್ಕೆಟ್ಟಿನ ಹತ್ತಿರವೇ ಬೇಕು ಅನ್ನುವವರಿಗೆ ಈಗ ಮೆಟ್ರೋ ಇದೆ. 2018ರ ಆಗಸ್ಟಿನಲ್ಲಿ ಪಿಂಕ್ ಲೈನ್ ಇಲ್ಲಿಗೆ ಬಂತು. ಒಂದು ಕಡೆಗೆ ಹೋದರೆ ಮುಂದಿನ ನಿಲ್ದಾಣವೇ ದಿಲ್ಲಿ ಹಾಟ್. 1994ರಲ್ಲಿ ಶುರುವಾದ ಈ ಕರಕುಶಲ ಸಂತೆಯಲ್ಲಿ ಒಂದೊಂದು ರಾಜ್ಯದ ತಿಂಡಿಗೂ ಮಳಿಗೆ, ಮರದ ನೆರಳು, ಮಕ್ಕಳು ಓಡಿದರೂ ವಾಹನದ ಭಯವಿಲ್ಲದ ಅಂಗಳ, ಕೂರಲು ಜಾಗ, ಶೌಚಾಲಯ. ಒಳಗೆ ಹೋಗಲು ತಲೆಗೆ ಇಷ್ಟು ಅಂತ ಟಿಕೆಟ್ಟು. ಉಣ್ಣುವ ಮೊದಲೇ ದುಡ್ಡು ಕೊಡುವುದು ನಮ್ಮವರಿಗೆ ಗಂಟಲಲ್ಲಿ ಇಳಿಯುವುದಿಲ್ಲ, ಆದರೂ ಕೊಡಿ ಅನ್ನುತ್ತೇನೆ. ಇನ್ನೊಂದು ಕಡೆಗೆ ಎರಡನೆಯ ನಿಲ್ದಾಣದ ಹೆಸರು ನೋಡಿ ಊರಿನವರೆಲ್ಲ ಫೋಟೊ ತೆಗೆಸಿಕೊಳ್ಳುತ್ತಾರೆ: ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್. ನಮ್ಮ ದೆಹಲಿ ಕರ್ನಾಟಕ ಸಂಘ ಇರುವುದು ಆ ಕಡೆಯೇ. ಕಾರ್ಯಕ್ರಮದ ದಿನ ಹೋದರೆ ಕನ್ನಡ ಮಾತಾಡುತ್ತ ಸಾರನ್ನ ಉಣ್ಣುವ ಯೋಗವೂ ಇರಬಹುದು.

ಕಾಲೊನಿಯ ಹಳೆಯ ಕ್ವಾರ್ಟರ್ಸುಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುವ ಯೋಜನೆಗೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. 2018ರಲ್ಲಿ ಮರ ಕಡಿಯುವುದರ ವಿರುದ್ಧ ಜನ ಬೀದಿಗಿಳಿದರು, ಹೈಕೋರ್ಟು ನಡುವೆ ಬಂತು. ಪಕ್ಕದ ನೌರೋಜಿ ನಗರದಲ್ಲಿ ಈಗ ಮನೆಗಳ ಬದಲು ವರ್ಲ್ಡ್ ಟ್ರೇಡ್ ಸೆಂಟರ್ ಎದ್ದಿದೆ. ಅಂಥ ಕಟ್ಟಡಕ್ಕೆ ಹೋಟೆಲುಗಳು ತಾವಾಗಿಯೇ ಬರುತ್ತವೆ, ಪುರವಣಿಯವರೂ ಬಂದು ‘ಇಬ್ಬರಿಗೆ ಇಷ್ಟು’ ಅಂತ ಬರೆಯುತ್ತಾರೆ. ನಾನೂ ಅತ್ತೆಯನ್ನು ಕರೆದುಕೊಂಡು ಹೋಗುವವಳೇ. ಮೆನು ಕಾರ್ಡು ಬರುವ ಮೊದಲು ಎದ್ದು ಹೋಗಿ ಆ ಬಾಗಿಲಿನ ಚಿಲಕ ನೋಡಿ ಬರುತ್ತೇನೆ. ಅದು ಸರಿಯಿದ್ದರೆ, ಬೆಳಿಗ್ಗೆ ಮನೆಯಲ್ಲೇ ಒಂದು ಲೋಟ ನೀರು ಕುಡಿದು ಹೊರಡಿ ಅಂತ ಮುಂದಿನ ಸಲ ಅವರಿಗೆ ಹೇಳಬಹುದು.